ಬೆಲ್ಲದ ಕೊಳೆ, ಹಣ್ಣಿನ ಸೈಡರ್

(ಬನಹಟ್ಟಿಯಲ್ಲಿ ಓದುಗ ಗೆಳೆಯರು ಸೇರಿದ್ದ ಸಂಜೆಯ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಒಪ್ಪಿಸಿದ್ದು, ಬಂದ ಪ್ರಕಟಣೆಗಳನ್ನು ತಿದ್ದಿ ಸುದ್ದಿಯಾಗಿಸುವ ಕೆಲಸ. ಅವುಗಳಲ್ಲಿ ಆಗಾಗ ಬರುತ್ತಿದ್ದುದು ಅಬಕಾರಿ ದಾಳಿಯ ಸುದ್ದಿ. ಅದರ ಒಕ್ಕಣೆ ಬದಲಾಗುತ್ತಲೇ ಇರಲಿಲ್ಲ. ಇಂಥ ಹಳ್ಳದ ದಂಡೆಯ ಮೇಲೆ ದಾಳಿ, ಇಷ್ಟು ಲೀಟರ್ ಕಳ್ಳಭಟ್ಟಿ ವಶ, ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ. ಊರಿನ ಹೆಸರು, ಅಂಕಿ ಬದಲಿಸಿದರೆ ಸುದ್ದಿ ಸಿದ್ಧ. ಕೊಳೆ ಎಂದರೇನು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಕೊಳೆ ಎಂದ ಮೇಲೆ ಅದು ಕೊಳಕು, ಚೆಲ್ಲಿದ್ದೇ ಒಳ್ಳೆಯದಾಯಿತು ಎಂದು ಮುಂದಿನ ಪ್ರಕಟಣೆಗೆ ಕೈ ಹಾಕುತ್ತಿದ್ದೆ.

ಆ ಪ್ರಶ್ನೆ ಕೇಳಿಕೊಳ್ಳುವ ಸಂದರ್ಭ ಬಂದದ್ದು ಜಮಖಂಡಿಯ ಗೆಳೆಯನೊಬ್ಬನ ಮನೆಯಲ್ಲಿ. ಇಂಗ್ಲೆಂಡಿನಲ್ಲಿ ಕೆಲಸಕ್ಕಿರುವ ಅವನ ಸಂಬಂಧಿಕರೊಬ್ಬರು ರಜೆಗೆ ಬಂದಾಗ ಒಂದು ದೊಡ್ಡ ಪೆಟ್ಟಿಗೆ ತಂದುಕೊಟ್ಟಿದ್ದರು. ಮೇಲೆ ಹಣ್ಣಿನ ಚಿತ್ರ. ಒಳಗಿದ್ದುದು ಮನೆಯಲ್ಲೇ ಸೈಡರ್ ಮಾಡಿಕೊಳ್ಳುವ ಕಿಟ್. ಗೆಳೆಯನದು ದಾಳಿಂಬೆ ತೋಟ. ದುಂಡಾಣು ಅಂಗಮಾರಿ ರೋಗ ಬಂದ ಮೇಲೆ ಈ ಭಾಗದ ದಾಳಿಂಬೆ ಬೆಳೆಗಾರರು ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ರೋಗ ತಪ್ಪಿಸಿಕೊಂಡ ತೋಟದಲ್ಲೂ ಬಿಸಿಲಿಗೋ ನೀರಿನ ಏರುಪೇರಿಗೋ ಹಣ್ಣು ಬಿರಿಯುತ್ತದೆ. ಬಿರಿದ ಹಣ್ಣಿನ ಕಾಳು ಎಷ್ಟೇ ಚೆನ್ನಾಗಿದ್ದರೂ ವ್ಯಾಪಾರಿ ಮುಟ್ಟುವುದಿಲ್ಲ. 'ಈ ಡಬ್ಬಿ ಕೊಟ್ಟವರು ಒಂದು ದಾರಿ ತೋರಿಸ್ಯಾರ' ಎಂದ ಗೆಳೆಯ. 'ಇದರ ಕಾಯ್ದೆ ಏನೈತಿ, ನೋಡಿ ಹೇಳು.'

ಅಲ್ಲೇ ರೊಟ್ಟಿ ತಟ್ಟುತ್ತಿದ್ದ ಅವನ ತಾಯಿ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಕೈ ನಿಲ್ಲಿಸದೆ ಇಷ್ಟೇ ಅಂದರು: 'ಅಂಗಡಿಗೆ ಹೋಗಿ ಕುಡದ ಬರಾವರ ಕಾಟನ ಸಾಕಾಗೇತಿ ತಮ್ಮಾ. ಅದನ್ನ ಮನೀಗೇ ತರತೀರೇನು?'

ಇವತ್ತು ನಾನು ಹೇಳಹೊರಟಿರುವುದು ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ನಾನು ತಿಳಿದುಕೊಂಡದ್ದನ್ನು. ನಾನು ಪಂಡಿತನಲ್ಲ, ಕೇಳಿ, ಓದಿ ಬರೆಯುವವನು.

ಮೊದಲು ಡಬ್ಬಿ ಬಿಚ್ಚೋಣ. ಸೈಡರ್ ಎಂದರೆ ಇಂಗ್ಲೆಂಡಿನಲ್ಲಿ ಹುದುಗಿಸಿದ ಸೇಬಿನ ರಸ. ಅಮೆರಿಕದಲ್ಲಿ ಹುದುಗದ ಸೇಬಿನ ರಸಕ್ಕೂ ಇದೇ ಹೆಸರಿದೆ. ಬೇರೆ ಹಣ್ಣಿನ ರಸ ಸೇರಿಸಿದರೆ ಅದು ಹಣ್ಣಿನ ಸೈಡರ್. ಕಿಟ್ ಎಂದಾಗ ನಾನು ಏನೇನೋ ಯಂತ್ರಗಳನ್ನು ಊಹಿಸಿದ್ದೆ. ಇದ್ದುದು ಇಪ್ಪತ್ತು ಲೀಟರಿಗೂ ಹೆಚ್ಚು ಹಿಡಿಯುವ, ಗಟ್ಟಿ ಮುಚ್ಚಳದ ಒಂದು ಪ್ಲಾಸ್ಟಿಕ್ ಬಕೆಟ್. ಪಾಕದಷ್ಟು ಗಟ್ಟಿಯಾದ ಹಣ್ಣಿನ ರಸದ ಚೀಲ. ಚಿಟಿಕೆಯಷ್ಟು ಒಣ ಯೀಸ್ಟ್. ಪಾತ್ರೆ ತೊಳೆಯುವ ಪುಡಿ. ಸಾಂದ್ರತೆ ಅಳೆಯುವ ಗಾಜಿನ ಕೊಳವೆ. ಮತ್ತು ಮುಚ್ಚಳದ ತೂತಿಗೆ ಸಿಕ್ಕಿಸುವ ಒಂದು ಬಾಗಿದ ನಳಿಗೆ. ಕೊನೆಯದರಲ್ಲಿ ಎರಡು ಗುಟುಕು ನೀರು ತುಂಬಿಸುತ್ತಾರೆ. ಒಳಗಿನ ಗಾಳಿ ಬುಳುಬುಳು ಎಂದು ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬಾರದು. ಇಡೀ ಡಬ್ಬಿಯಲ್ಲಿ ಜಾಣತನ ಇರುವುದು ಈ ನಳಿಗೆಯಲ್ಲಿ ಮಾತ್ರ ಎಂದು ನನಗೆ ಅನ್ನಿಸಿತು.

ರಸಕ್ಕೆ ನೀರು ಬೆರೆಸಿ, ಯೀಸ್ಟ್ ಉದುರಿಸಿ ಮುಚ್ಚಿಟ್ಟರೆ ಮುಗಿಯಿತು. ಯೀಸ್ಟ್ ಎಂಬುದು ಕಣ್ಣಿಗೆ ಕಾಣದ ಒಂದು ಜೀವಿ. ಸಕ್ಕರೆ ತಿಂದು ಎರಡನ್ನು ಬಿಡುತ್ತದೆ, ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್. ಲೆಕ್ಕದ ಪ್ರಕಾರ ಒಂದು ಕಿಲೋ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ಕಿಲೋ ಮದ್ಯಸಾರವಾಗುತ್ತದೆ, ಉಳಿದರ್ಧ ಗಾಳಿಯಾಗಿ ಹಾರಿಹೋಗುತ್ತದೆ. ಒಂದು ಲೀಟರ್ ರಸದಲ್ಲಿ ಪ್ರತಿ 17 ಗ್ರಾಂ ಸಕ್ಕರೆಗೆ ಸುಮಾರು ಶೇಕಡಾ ಒಂದರಷ್ಟು ಮದ್ಯಸಾರ ಎಂದು ಹಿಡಿಯಬಹುದು. ನೂರು ಗ್ರಾಂ ಸಕ್ಕರೆ ಇರುವ ರಸ ಶೇಕಡಾ ಆರರ ಸೈಡರ್ ಆಗುತ್ತದೆ. ಗಾಜಿನ ಕೊಳವೆ ತೇಲುವ ಮಟ್ಟ ನೋಡಿ ಇದನ್ನು ತಿಳಿಯುತ್ತಾರೆ. ಸಕ್ಕರೆ ಹೆಚ್ಚಿದ್ದಾಗ ಕೊಳವೆ ಮೇಲೆ ತೇಲುತ್ತದೆ, ಸಕ್ಕರೆ ತೀರಿದಂತೆ ಮುಳುಗುತ್ತ ಹೋಗುತ್ತದೆ. ಮೊದಲ ದಿನ 1.048 ತೋರಿಸಿದ ಕೊಳವೆ ಎರಡು ವಾರದ ಮೇಲೆ ನೀರಿನ ಮಟ್ಟವಾದ 1.000ಕ್ಕೆ ಬಂದು ನಿಂತರೆ ಕೆಲಸ ಮುಗಿದಂತೆ. ಆಮೇಲೆ ಪ್ರತಿ ಬಾಟಲಿಗೆ ಒಂದಿಷ್ಟು ಸಕ್ಕರೆ ಹಾಕಿ ಬಿರಡೆ ಬಿಗಿದಿಟ್ಟರೆ ಉಳಿದ ಯೀಸ್ಟ್ ಅದನ್ನೂ ತಿಂದು, ಹೊರಹೋಗಲಾರದ ಗಾಳಿಯಿಂದ ಸೋಡಾದಂತೆ ನೊರೆ ಬರುತ್ತದೆ. ಸಕ್ಕರೆ ಹೆಚ್ಚಾದರೆ ಬಾಟಲಿಯೇ ಸಿಡಿಯುತ್ತದೆ. ಗೋಲಿ ಸೋಡಾ ಒಡೆದದ್ದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕಿಟ್ಟಿನ ಚೀಟಿಯಲ್ಲಿ ಬರೆದ ಒಂದು ಮಾತು ಓದಿ ನಗು ಬಂತು. ಬಕೆಟ್ಟನ್ನು 18ರಿಂದ 24 ಡಿಗ್ರಿ ಶಾಖದಲ್ಲಿ ಇಡಬೇಕಂತೆ! ಏಪ್ರಿಲ್ ತಿಂಗಳಲ್ಲಿ ಮುಧೋಳದಲ್ಲಿ ಬಂದು ನೋಡಲಿ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಯೀಸ್ಟ್ ಹುಚ್ಚೆದ್ದು ಕೆಲಸ ಮಾಡುತ್ತದೆ, ಬೇಡವಾದ ಘಾಟು ಸಾರಗಳನ್ನೂ ಹುಟ್ಟಿಸುತ್ತದೆ. ಇಲ್ಲಿ ಮಾಡುವುದಾದರೆ ನೀರು ಚಿಮುಕಿಸಿದ ಗೋಣಿಚೀಲ ಸುತ್ತಿ ಇಡಬೇಕಾದೀತು.

ಈ ವಿದ್ಯೆ ನಮಗೆ ಹೊಸದಲ್ಲ ಎನ್ನಲು ದೂರ ಹೋಗಬೇಕಿಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬುವುದು, ಅಂಬಲಿಗೆ ಹುಳಿ ಬರುವುದು, ಹಾಲಿಗೆ ಹೆಪ್ಪು ಹಾಕುವುದು ಇವೆಲ್ಲ ಒಂದೇ ಬಳಗ. ಬೆಳಿಗ್ಗೆ ಹಿಂಡಿದ ಕಬ್ಬಿನ ಹಾಲು ಸಂಜೆಗೆ ಹುಳಿಹುಳಿಯಾಗಿ ನೊರೆ ಕಟ್ಟುವುದನ್ನು ಗಾಣದ ಮನೆಯವರು ದಿನವೂ ಕಾಣುತ್ತಾರೆ. ಈಚಲ ಮರದಿಂದ ಇಳಿಸಿದ ನೀರಾ ಹೊತ್ತೇರುವುದರೊಳಗೆ ಸಿಂದಿಯಾಗುತ್ತದೆ. ಅದಕ್ಕೆ ಯಾರೂ ಯೀಸ್ಟ್ ಚೀಟಿ ಹರಿದು ಹಾಕುವುದಿಲ್ಲ, ಗಾಳಿಯಲ್ಲೂ ಮಡಕೆಯಲ್ಲೂ ಅದು ಇದ್ದೇ ಇರುತ್ತದೆ. ಹುದುಗುವಿಕೆ ಜೀವಿಗಳ ಕೆಲಸ ಎಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು 1850ರ ದಶಕದ ಕೊನೆಯಿಂದೀಚೆಗೆ. ಯೀಸ್ಟನ್ನು ಅರೆದು, ಜೀವವಿಲ್ಲದ ಅದರ ರಸದಿಂದಲೂ ಸಕ್ಕರೆ ಹುದುಗುತ್ತದೆ ಎಂದು 1897ರಲ್ಲಿ ತೋರಿಸಿದ ಜರ್ಮನಿಯ ಎಡ್ವರ್ಡ್ ಬುಕ್ನರ್ ಅವರಿಗೆ 1907ರಲ್ಲಿ ನೊಬೆಲ್ ಬಂತು. ಆ ರಸದೊಳಗಿನ ವಸ್ತುವಿಗೆ ಇಂಗ್ಲಿಷಿನಲ್ಲಿ ಎನ್‌ಜೈಮ್ ಎನ್ನುತ್ತಾರೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ 'ಹುದುಗಿನೊಳಗಿನದು'. ನಮ್ಮ ವಿಜ್ಞಾನ ಪುಸ್ತಕಗಳು ಅದನ್ನು ಕಿಣ್ವ ಎಂದು ಕರೆದವು. ಈ ಕಿಣ್ವ ಶಬ್ದ ಎಲ್ಲಿಂದ ಬಂತು ಎಂದು ಹುಡುಕಿದರೆ ನಾವು ಹೋಗಿ ನಿಲ್ಲುವುದು ಹೆಂಡದ ಮಡಕೆಯ ಮುಂದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಬೆಲ್ಲದ ಕೊಳೆ. ಬೆಲ್ಲವನ್ನು ನೀರಿನಲ್ಲಿ ಕದಡಿ, ಜಾಲಿಯ ತೊಗಟೆ, ನವಸಾಗರ ಹಾಕಿ ಕೊಡದಲ್ಲೋ ಡ್ರಮ್ಮಿನಲ್ಲೋ ಮುಚ್ಚಿ ಹುಗಿದಿಡುತ್ತಾರೆ. ನಾಲ್ಕಾರು ದಿನದಲ್ಲಿ ಅದು ಹುದುಗುತ್ತದೆ. ಅದೇ ಕೊಳೆ. ಗೆಳೆಯನ ಬಕೆಟ್ಟಿನಲ್ಲಿ ನಡೆಯಬೇಕಾಗಿದ್ದುದಕ್ಕೂ ಹಳ್ಳದ ದಂಡೆಯ ಡ್ರಮ್ಮಿನಲ್ಲಿ ನಡೆಯುವುದಕ್ಕೂ ರಸಾಯನಶಾಸ್ತ್ರದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಒಂದರಲ್ಲಿ ತೊಳೆದ ಪಾತ್ರೆ, ಆರಿಸಿದ ಯೀಸ್ಟ್, ಹಣ್ಣಿನ ರಸ. ಇನ್ನೊಂದರಲ್ಲಿ ಕೊಳಕು ನೀರು, ಸಿಕ್ಕ ಹುದುಗು, ಅವಸರ. ದೊಡ್ಡ ವ್ಯತ್ಯಾಸ ಬರುವುದು ಮುಂದಿನ ಹಂತದಲ್ಲಿ. ಕೊಳೆಯನ್ನು ಕುದಿಸಿ, ಆವಿಯನ್ನು ತಣಿಸಿ ಇಳಿಸುತ್ತಾರೆ. ಆಗ ಶೇಕಡಾ ಆರೋ ಎಂಟೋ ಇದ್ದದ್ದು ನಲವತ್ತಕ್ಕೂ ಮೇಲೆ ಏರಬಹುದು. ಸೈಡರನ್ನು ಸಾಮಾನ್ಯವಾಗಿ ಕುದಿಸಿ ಇಳಿಸದೆ ಹಾಗೆಯೇ ಕುಡಿಯುತ್ತಾರೆ.

ಮನೆಯ ಮದ್ಯ ಎಂದೊಡನೆ ವಿಷ ಎಂಬ ಭಯ ನಮ್ಮಲ್ಲಿದೆ. ಅದು ಸುಮ್ಮನೆ ಬಂದದ್ದಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 2008ರಲ್ಲಿ ಕರ್ನಾಟಕ, ತಮಿಳುನಾಡು ಗಡಿಯಲ್ಲಿ ನೂರಕ್ಕೂ ಹೆಚ್ಚು ಜನ ಕಳ್ಳ ಸಾರಾಯಿ ಕುಡಿದು ಸತ್ತರು. ಇಂಥ ದುರಂತಗಳಲ್ಲಿ ಕೊಲ್ಲುವುದು ಮಿಥೈಲ್ ಮದ್ಯಸಾರ, ಅಂದರೆ ಮೆಥನಾಲ್. ಹಣ್ಣಿನಲ್ಲಿರುವ ಪೆಕ್ಟಿನ್‌ನಿಂದ ಹುದುಗುವಾಗ ಮೆಥನಾಲ್ ಹುಟ್ಟುವುದುಂಟು, ಆದರೆ ಅದು ತೀರ ಅತ್ಯಲ್ಪ. ಸಾಮೂಹಿಕ ಸಾವು ಸಾಮಾನ್ಯವಾಗಿ ಆಗುವುದು ಕಾರ್ಖಾನೆಯ ಬಳಕೆಗೆಂದು ತಯಾರಾದ ಮೆಥನಾಲನ್ನು ಲಾಭಕ್ಕಾಗಿ ಸಾರಾಯಿಗೆ ಬೆರೆಸಿದಾಗ. ಇದನ್ನು ಬಿಡಿಸಿ ಹೇಳುವುದು ಅಗತ್ಯ ಎಂದು ನನಗನ್ನಿಸುತ್ತದೆ. ನಮ್ಮ ವರದಿಗಳು ಹುದುಗು, ಭಟ್ಟಿ, ಕಲಬೆರಕೆ ಮೂರನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತವೆ. ನಾನೂ ತುಂಬಿದ್ದೇನೆ.

ಹಾಗೆಂದು ಬರೀ ಹುದುಗಿಸಿದ್ದು ನಿರಪಾಯ ಎಂದೂ ಅಲ್ಲ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಸೈಡರ್ ಕುಡಿಯುವವರಿಗೆ ಹೊಟ್ಟೆ ಹಿಂಡುವ ಒಂದು ಕಾಯಿಲೆ ಬರುತ್ತಿತ್ತು. ಕೆಲವರಿಗೆ ಕೈ ಸ್ವಾಧೀನ ತಪ್ಪುತ್ತಿತ್ತು. ಸೇಬು ಹಿಂಡುವ ಗಾಣಕ್ಕೆ ಬಳಸಿದ ಸೀಸ ಹುಳಿ ರಸದಲ್ಲಿ ಕರಗಿ ದೇಹ ಸೇರುತ್ತಿದೆ ಎಂದು ಜಾರ್ಜ್ ಬೇಕರ್ ಎಂಬ ವೈದ್ಯ 1767ರಲ್ಲಿ ತೋರಿಸಿದ. ಸೈಡರ್ ಬೆಳೆಗಾರರು ಅವನ ಮೇಲೆ ಮುಗಿಬಿದ್ದರಂತೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟರೆ ಕಿಲುಬು ಬಿಡುತ್ತದೆ ಎಂದು ನಮ್ಮ ಅಜ್ಜಿಯಂದಿರು ಬಯ್ಯುತ್ತಿದ್ದುದು ಈ ಜಾತಿಯ ತಿಳಿವಳಿಕೆಯೇ.

ಇನ್ನು ಹಳೆಯ ಕಾಲಕ್ಕೆ ಬರುತ್ತೇನೆ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ್ದನ್ನು ನೀವು ಕೇಳಿರುತ್ತೀರಿ. ಅವರು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಬಗ್ಗೆ ಒಂದು ಅಧ್ಯಾಯವಿದೆ. ಈಗಿನ ಅಬಕಾರಿ ಆಯುಕ್ತರೆನ್ನಿ. ಯಾವ ಯಾವ ಮದ್ಯ ಹೇಗೆ ತಯಾರಿಸಬೇಕು ಎಂಬ ಅಳತೆಗಳೂ ಅಲ್ಲಿವೆ. ಆಸವಕ್ಕೆ ಕೊಟ್ಟ ಅಳತೆ ಹೀಗಿದೆ: ಬೇಲದ ಹಣ್ಣು ನೂರು ಪಲ, ಫಾಣಿತ ಐನೂರು ಪಲ, ಜೇನು ಒಂದು ಪ್ರಸ್ಥ. ಬೇಲದ ಹಣ್ಣು ಎಂದರೆ ನಮ್ಮ ಬೆಳವಲಕಾಯಿ. ಫಾಣಿತ ಎಂದರೆ ಕಬ್ಬಿನ ಹಾಲನ್ನು ಬೆಲ್ಲವಾಗುವ ಮೊದಲೇ ಇಳಿಸಿದ ಪಾಕ, ನಮ್ಮ ಜೋನಿ ಬೆಲ್ಲದಂಥದು. ಹಣ್ಣು, ಕಬ್ಬಿನ ಪಾಕ, ಹುದುಗು. ಹಣ್ಣಿನ ಸೈಡರಿನ ಕಿಟ್ಟಿನಲ್ಲಿ ಇದಕ್ಕಿಂತ ಬೇರೇನಿತ್ತು? ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ನಿಂತು ಇದನ್ನು ನೆನೆದಾಗ ನನಗೆ ಮೈ ಜುಮ್ಮೆಂದಿತು.

ಹುದುಗಿಗೆ ಅಲ್ಲಿ ಬಳಸಿದ ಹೆಸರೇ ಕಿಣ್ವ. ಉದ್ದಿನ ಹಿಟ್ಟು, ಅಕ್ಕಿ, ಕೆಲವು ಮೂಲಿಕೆ ಸೇರಿಸಿ ಅದನ್ನು ಕಟ್ಟುತ್ತಿದ್ದರು. ಈ ಕಿಣ್ವದ ಕೆಲಸವನ್ನು ಹೆಂಗಸರೂ ಮಕ್ಕಳೂ ಮಾಡಬೇಕು ಎಂದು ಗ್ರಂಥ ಹೇಳುತ್ತದೆ. ಜೀವರಸಾಯನದ ಪಾಠದಲ್ಲಿ ನಾವು ಕಲಿತ ಶಬ್ದ ಹೆಂಗಸರ ಕೈಯ ಹೆಂಡದ ಹಿಟ್ಟಿನದು. ಅಕ್ಕಿ, ಉದ್ದು ಎರಡೂ ಇಂದು ಉಳಿದಿರುವುದು ಇಡ್ಲಿ, ದೋಸೆಯ ಹಿಟ್ಟಿನಲ್ಲಿ ಎಂಬುದು ಕಾಕತಾಳೀಯ ಇರಬಹುದು. ನಾನೇನೂ ಸಂಬಂಧ ಕಟ್ಟಲು ಹೋಗುವುದಿಲ್ಲ.

ನನ್ನ ಗೆಳೆಯನ ಪ್ರಶ್ನೆಗೆ ನೇರ ಉತ್ತರವೂ ಅದೇ ಅಧ್ಯಾಯದಲ್ಲಿದೆ. ಮದ್ಯದ ತಯಾರಿಕೆ ರಾಜನ ಹಿಡಿತದಲ್ಲಿರಬೇಕು, ಅಪ್ಪಣೆಯಿಲ್ಲದೆ ಮಾಡಿದವನಿಗೆ ದಂಡ. ಆದರೆ ಮನೆಯ ಶುಭಕಾರ್ಯಗಳಿಗೆ ಕುಟುಂಬಸ್ಥರು ಬಿಳಿ ಸುರೆಯನ್ನು, ಔಷಧಕ್ಕೆ ಅರಿಷ್ಟವನ್ನು ತಾವೇ ಮಾಡಿಕೊಳ್ಳಬಹುದು. ಹಬ್ಬ, ಜಾತ್ರೆ, ಯಾತ್ರೆಗಳಲ್ಲಿ ನಾಲ್ಕು ದಿನ ವಿನಾಯಿತಿ. ರಾಜನದಲ್ಲದ ಮದ್ಯ ಮಾರುವವರು ನೂರಕ್ಕೆ ಐದು ಸುಂಕ ಕೊಡಬೇಕು. ಬೊಕ್ಕಸದ ಬಗ್ಗೆ ಇಷ್ಟು ಬಿಗಿಯಾಗಿದ್ದವನು ಮನೆಯ ಮಡಕೆಯನ್ನು ಲೆಕ್ಕದಿಂದ ಬಿಟ್ಟಿದ್ದ.

ಕನ್ನಡ ನಾಡಿನಲ್ಲೂ ಇದು ಮುಚ್ಚಿಟ್ಟ ವಿಷಯವಾಗಿರಲಿಲ್ಲ. ಪಂಪ ತನ್ನ ಭಾರತದಲ್ಲಿ ಕುಡಿಯುವವರ ಕೂಟವನ್ನು ಬಣ್ಣಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮದಿರಾಪಾನ ಒಂದು ಕ್ರೀಡೆ. ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನಿದ್ದ, ಕಾಯಕ ಹೆಂಡ ಮಾರುವುದು. ವಚನ ಬರೆದು ಅನುಭವಿಗಳ ಸಾಲಿನಲ್ಲಿ ಕುಳಿತವನು. ಇನ್ನು ಆಯುರ್ವೇದದ ದ್ರಾಕ್ಷಾಸವ, ದಶಮೂಲಾರಿಷ್ಟಗಳು ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತವೆ. ಧಾತಕಿ ಹೂವು ಹಾಕಿ ಹುದುಗಿಸಿದ ಇವುಗಳಲ್ಲಿ ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟು ಮದ್ಯಸಾರ ತಾನಾಗಿ ಹುಟ್ಟಿರುತ್ತದೆ. ಸೈಡರಿಗಿಂತ ಕಡಿಮೆಯೇನಲ್ಲ. ಬಾಣಂತಿಗೆ ದಶಮೂಲಾರಿಷ್ಟ ಕುಡಿಸುವ ಮನೆಯಲ್ಲಿ ಹುದುಗಿಸಿದ ರಸ ಮೈಲಿಗೆ ಎಂದರೆ ನಗು ಬರುತ್ತದೆ. ಅಳತೆ ಎರಡು ಚಮಚ ಎಂಬುದೇ ಅಲ್ಲಿ ಮುಖ್ಯ ಎಂದು ನೀವು ಹೇಳಿದರೆ ಒಪ್ಪುತ್ತೇನೆ.

ಹಾಗಾದರೆ ಮನೆಯ ಮಡಕೆ ಅಪರಾಧವಾದದ್ದು ಯಾವಾಗ? ಇದಕ್ಕೆ ನಮ್ಮ ಸುತ್ತಲಿನ ಊರುಗಳ ಇತಿಹಾಸವೇ ಸಾಕು. 1948ಕ್ಕೆ ಮೊದಲು ನೀವೆಲ್ಲ ಈ ಸಭೆಗೆ ಬರಬೇಕಿದ್ದರೆ ಎಷ್ಟು ರಾಜ್ಯ ದಾಟಬೇಕಿತ್ತು ನೋಡಿ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ಪಕ್ಕದ ರಬಕವಿ ಸಾಂಗಲಿಯ ಪಟವರ್ಧನರಿಗೆ ಸೇರಿದ್ದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಒಂದು ದಿನದ ಚಕ್ಕಡಿ ದಾರಿಯಲ್ಲಿ ನಾಲ್ಕು ಸರಕಾರ, ನಾಲ್ಕು ಬೊಕ್ಕಸ!

ಇವುಗಳಲ್ಲಿ ಬೀಳಗಿಗೆ ಅನ್ವಯಿಸಿದ್ದು 1878ರ ಮುಂಬಯಿ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಸಿಂದಿ ಇಳಿಸುವಂತಿಲ್ಲ ಎಂಬುದನ್ನು ಅದು ಗಟ್ಟಿ ಮಾಡಿತು. ಬ್ರಿಟಿಷರ ಕಣ್ಣಿಗೆ ಇದು ಆರೋಗ್ಯದ ಮಾತಾಗಿರಲಿಲ್ಲ, ಆದಾಯದ ಮಾತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ಮರುವರ್ಷವೇ ಬಂದದ್ದು 1949ರ ಮುಂಬಯಿ ಪಾನನಿಷೇಧ ಕಾಯ್ದೆ. ಈಗ ಉದ್ದೇಶ ಬೇರೆ, ಗಾಂಧೀಜಿಯವರ ಆದರ್ಶ. ಮಡಕೆಗೆ ಮಾತ್ರ ಎರಡೂ ಒಂದೇ. ಆ ಕಾಯ್ದೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಎಫ್.ಎನ್. ಬಾಲ್ಸಾರಾ. 1951ರ ತೀರ್ಪಿನಲ್ಲಿ ಕಾಯ್ದೆಯ ಬಹುಭಾಗ ಉಳಿಯಿತು. ಮದ್ಯಸಾರವಿರುವ ಔಷಧ, ಸುಗಂಧದಂಥ ವಸ್ತುಗಳನ್ನೂ ನಿಷೇಧಿಸಿದ ಭಾಗ ಬಿದ್ದುಹೋಯಿತು. ಅರಿಷ್ಟ ಬದುಕಿತು, ಸುರೆ ಸತ್ತಿತು ಎನ್ನಿ.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1967ರಲ್ಲಿ ರಾಜ್ಯ ಪಾನನಿಷೇಧವನ್ನು ಕೈಬಿಟ್ಟಿತು. ಆಗಿನಿಂದ ನಡೆದಿರುವುದು 1965ರ ಅಬಕಾರಿ ಕಾಯ್ದೆ, ಈಗ ಅದರ ಹೆಸರು ಕರ್ನಾಟಕ ಅಬಕಾರಿ ಕಾಯ್ದೆ. ಮದ್ಯ ಎಂಬುದಕ್ಕೆ ಅದು ಕೊಡುವ ಅರ್ಥದಲ್ಲಿ ವೈನು, ಬಿಯರು, ಸಿಂದಿಯ ಜೊತೆಗೆ ಮದ್ಯಸಾರ ಇರುವ ಎಲ್ಲ ದ್ರವವೂ ಬರುತ್ತದೆ. ಪರವಾನಗಿ ಇಲ್ಲದೆ ಅದನ್ನು ತಯಾರಿಸುವುದನ್ನು 13ನೆಯ ಕಲಮು ತಡೆಯುತ್ತದೆ. ತಯಾರಿಸುವ ಉದ್ದೇಶದಿಂದ ಸಾಮಗ್ರಿ, ಸಲಕರಣೆ ಇಟ್ಟುಕೊಳ್ಳುವುದಕ್ಕೂ ಅದರಲ್ಲಿ ತಡೆಯಿದೆ. ಕುಡಿಯಲಿಕ್ಕೋ ಮಾರಲಿಕ್ಕೋ, ಹಣ್ಣಿನದೋ ಬೆಲ್ಲದ್ದೋ ಎಂಬ ಭೇದ ಇಲ್ಲ. ಕೊಡಗಿನ ಮನೆಗಳಲ್ಲಿ ದ್ರಾಕ್ಷಿ, ನೆಲ್ಲಿಕಾಯಿಯ ವೈನು ಮಾಡುವ ರೂಢಿ, ಕ್ರೈಸ್ತ ಕುಟುಂಬಗಳಲ್ಲಿ ಕ್ರಿಸ್‌ಮಸ್ ವೈನು ಎಲ್ಲರಿಗೂ ಗೊತ್ತು. ಕೇರಳದಲ್ಲಿ 2019ರ ಕ್ರಿಸ್‌ಮಸ್‌ಗೆ ಮುಂಚೆ ಅಬಕಾರಿ ಇಲಾಖೆ ಮನೆಯ ವೈನು ಅಪರಾಧ ಎಂದು ಸುತ್ತೋಲೆ ಹೊರಡಿಸಿ ದೊಡ್ಡ ಗದ್ದಲವೇ ಆಯಿತು.

ಆದ್ದರಿಂದ ಗೆಳೆಯನಿಗೆ ನಾನು ಕೊಟ್ಟ ಉತ್ತರ ಚಿಕ್ಕದು: ನೀನು ಯೀಸ್ಟ್ ಉದುರಿಸಿದ ಕ್ಷಣದಿಂದ ಕಾಯ್ದೆಯ ಕಣ್ಣಿನಲ್ಲಿ ನಿನ್ನ ಬಕೆಟ್ಟೂ ಕೊಳೆಯೇ.

ಅವನಿಗೆ ಸಿಟ್ಟು ಬಂತು. ಅವನ ಸಿಟ್ಟಿನಲ್ಲಿ ಅರ್ಥವಿಲ್ಲದಿರಲಿಲ್ಲ. ಸಮೀರವಾಡಿಯ ಕಾರ್ಖಾನೆಯಲ್ಲಿ ಇದೇ ಯೀಸ್ಟ್ ಕಾಕಂಬಿಯನ್ನು ಹುದುಗಿಸಿ ಭಾರೀ ಪ್ರಮಾಣದಲ್ಲಿ ಎಥನಾಲ್ ಮಾಡುತ್ತದೆ. 2025ರಲ್ಲಿ ದೇಶ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಮಟ್ಟ ಮುಟ್ಟಿತು. ಅದರಲ್ಲಿ ನಮ್ಮ ಕಬ್ಬಿನ ಪಾಲೂ ಇದೆ. ಕಾರಿಗೆ ಕುಡಿಸಬಹುದು, ನಾನು ಕುಡಿಯಬಾರದು ಎಂಬುದು ಅವನ ವಾದ.

ಇಂಗ್ಲೆಂಡಿನವರು ಇದಕ್ಕೂ ಮುಂದೆ ಹೋಗಿದ್ದರು. 1763ರಲ್ಲಿ ಅಲ್ಲಿನ ಸರಕಾರ ಯುದ್ಧದ ಸಾಲ ತೀರಿಸಲು ಸೈಡರ್ ಮೇಲೆ ತೆರಿಗೆ ಹಾಕಿತು. ತೆರಿಗೆಗಿಂತ ಹೆಚ್ಚು ಜನರನ್ನು ಕೆರಳಿಸಿದ್ದು, ಅಧಿಕಾರಿಗಳು ಮನೆಯೊಳಗೆ ಬಂದು ಪೀಪಾಯಿ ಎಣಿಸಬಹುದು ಎಂಬ ಮಾತು. ಸೈಡರ್ ಸೀಮೆಯಲ್ಲಿ ದಂಗೆಗಳಾದವು. ಕೆಲವೇ ದಿನಗಳಲ್ಲಿ ಪ್ರಧಾನಿ ಲಾರ್ಡ್ ಬ್ಯೂಟ್ ರಾಜೀನಾಮೆ ಕೊಟ್ಟ, 1766ರಲ್ಲಿ ಆ ತೆರಿಗೆಯೇ ರದ್ದಾಯಿತು. ಮನೆಯಲ್ಲಿ ಬಿಯರ್ ಮಾಡಲು ಬೇಕಿದ್ದ ಪರವಾನಗಿಯನ್ನೂ ಅಲ್ಲಿ 1963ರಲ್ಲಿ ತೆಗೆದುಹಾಕಿದರು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಮನೆಯ ಬಿಯರಿಗೆ ಕೇಂದ್ರದ ಕಾನೂನಿನ ತೊಡಕು ತಪ್ಪಿತು. ಕಿಟ್ಟಿನ ವ್ಯಾಪಾರ ಬೆಳೆದದ್ದು ಈ ಬದಲಾವಣೆಗಳ ಬೆನ್ನಿಗೆ. ಜಮಖಂಡಿಗೆ ಬಂದ ಡಬ್ಬಿ ಹೊತ್ತು ತಂದದ್ದು ಅಂಥ ಒಂದು ಸಮಾಜದ ಅಭ್ಯಾಸವನ್ನು.

ಆದರೆ ಅದೇ ಇಂಗ್ಲೆಂಡಿನ ಇನ್ನೊಂದು ಸಂಗತಿಯನ್ನು ಗೆಳೆಯನಿಗೆ ಹೇಳಬೇಕಾಯಿತು. ಸೈಡರ್ ಸೀಮೆಯ ಹೊಲಗಳಲ್ಲಿ ಕೂಲಿಯ ಒಂದು ಭಾಗವನ್ನು ಸೈಡರ್ ರೂಪದಲ್ಲೇ ಕೊಡುತ್ತಿದ್ದರು. ಮಾಲೀಕನಿಗೆ ತೋಟದ ಹಣ್ಣು, ಖರ್ಚಿಲ್ಲ. ಗಂಡಸು ಹೊಲದಲ್ಲೇ ಕುಡಿದು ತೂರಾಡುತ್ತ ಬರುತ್ತಿದ್ದ, ಮನೆಗೆ ಬರುವ ಕಾಸು ಕಡಿಮೆ. ಕೂಲಿಗೆ ಬದಲಾಗಿ ಸೈಡರ್ ಕೊಡುವುದನ್ನು 1887ರ ಕಾಯ್ದೆಯೊಂದು ನಿಲ್ಲಿಸಿತು. ನಮ್ಮ ಕಬ್ಬಿನ ಸೀಮೆಯಲ್ಲಿ, ನೇಕಾರರ ಓಣಿಗಳಲ್ಲಿ ವಾರದ ಬಟವಾಡೆಯ ದಿನ ಸಂಜೆ ಏನಾಗುತ್ತದೆ ಎಂಬುದನ್ನು ಬಲ್ಲವರು ಈ ಕಾಯ್ದೆ ಏಕೆ ಬೇಕಾಯಿತು ಎಂದು ಕೇಳಲಾರರು.

ಇಲ್ಲಿಗೆ ನಾನು ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಅದು ನಿಜಕ್ಕೂ ಕಷ್ಟದ ಪ್ರಶ್ನೆ. ಆಂಧ್ರದ ನೆಲ್ಲೂರಿನಲ್ಲಿ 1992ರಲ್ಲಿ ಸಾರಾಯಿ ವಿರುದ್ಧ ಎದ್ದವರು ಹಳ್ಳಿಯ ಹೆಂಗಸರು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆಮೇಲೆ ಅದರ ಜಾಗಕ್ಕೆ ಬಂದದ್ದು ಅಗ್ಗದ ವಿಸ್ಕಿ. 2019ರ ಜನವರಿಯಲ್ಲಿ ರಾಜ್ಯದ ಸಾವಿರಾರು ಹೆಂಗಸರು ಮದ್ಯನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಇಷ್ಟು ದೂರ ಕಾಲ್ನಡಿಗೆಯಲ್ಲಿ ಬಂದವರಿಗೆ ಹುದುಗಿನ ರಸಾಯನ ವಿವರಿಸುವ ಧೈರ್ಯ ನನಗಿಲ್ಲ. ಅವರಿಗೆ ಗೊತ್ತಿರುವುದು ಬಾಟಲಿ ಮನೆಗೆ ತರುವ ಹೊಡೆತ, ಹಸಿವು. ಕೌಟಿಲ್ಯನ ಕಾಲದ ಮಡಕೆ ಹೆಂಗಸರ ಕೈಯಲ್ಲಿತ್ತು ಎಂಬುದು ನನಗೆ ಸ್ವಾರಸ್ಯದ ವಿಷಯ, ಅವರಿಗೆ ಆಗಬೇಕಾದ್ದು ಏನೂ ಇಲ್ಲ.

ಹಾಗೆಂದು ಗೆಳೆಯನ ತೋಟದಲ್ಲಿ ಬಿರಿದು ಬೀಳುವ ಹಣ್ಣೂ ಸುಳ್ಳಲ್ಲ. ಒಂದು ದಾರಿ ಕಾಣುತ್ತದೆ. 2007ರಲ್ಲಿ ರಾಜ್ಯ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನ���ತಿ ತಂದಿತು. ಬಾಗಲಕೋಟೆ, ವಿಜಾಪುರ, ಬೆಳಗಾವಿ ಭಾಗವನ್ನು ಕೃಷ್ಣಾ ಕಣಿವೆ ಎಂದು ಅದರಲ್ಲಿ ಗುರುತಿಸಿದರು. 2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆ ವಿಶ್ವವಿದ್ಯಾಲಯವೂ ಬಂತು. ದ್ರಾಕ್ಷಿಗೆ ತೋರಿದ ಈ ಆಸ್ಥೆಯನ್ನು ದಾಳಿಂಬೆ, ಚಿಕ್ಕು, ಬೆಳವಲಕಾಯಿಗೂ ತೋರಿಸಿ, ಬೆಳೆಗಾರರ ಗುಂಪುಗಳಿಗೆ ಸಣ್ಣ ಘಟಕದ ಪರವಾನಗಿ ಕೈಗೆಟುಕುವಂತೆ ಮಾಡಿದರೆ ಹುದುಗಿಸುವ ಕೆಲಸ ಅಡುಗೆಮನೆಯಿಂದ ಹೊರಗೆ, ತಪಾಸಣೆಯ ಕಣ್ಣಳತೆಯಲ್ಲಿ ನಡೆದೀತು. ಇದು ನನ್ನ ಸ್ವಂತ ಅಭಿಪ್ರಾಯ. ಹುದುಗಿದ ರಸವನ್ನು ಇನ್ನೂ ಮುಂದಕ್ಕೆ ಬಿಟ್ಟು ವಿನೆಗರ್ ಮಾಡುವುದೂ ಅಂಥ ಘಟಕದಲ್ಲಿ ಸಾಧ್ಯ, ಅದಕ್ಕೆ ಯಾವ ಹೆಂಗಸೂ ಬೇಡವೆನ್ನಲಾರಳು. ಮನೆಯ ಮಡಕೆಗೂ ಕೌಟಿಲ್ಯ ಕೊಟ್ಟಂಥ ಸಣ್ಣ ರಿಯಾಯಿತಿ ಇರಬೇಕೇ? ಅಂಗಡಿಯ ಆದಾಯವನ್ನು ನೆಚ್ಚಿದ ಸರಕಾರ ಮನೆಯ ಬಕೆಟ್ಟಿಗೆ ನೀತಿಯ ಪಾಠ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಆ ತಾಯಿ ಬೇಡ ಎಂದರೆ ಅದು ಸರಕಾರದ ಬೇಡ ಅಲ್ಲ. ಆ ಮನೆಯಲ್ಲಿ ಅವರ ಮಾತೇ ನಡೆಯಬೇಕು ಎಂದು ನಾನು ಗೆಳೆಯನಿಗೆ ಹೇಳಿದೆ.

ಡಬ್ಬಿಯ ಗತಿ ಏನಾಯಿತು ಎಂದು ನೀವು ಕೇಳುತ್ತೀರಿ. ಬಕೆಟ್ಟಿನಲ್ಲಿ ಈಗ ಜೋಳದ ಹಿಟ್ಟಿದೆ. ಮುಚ್ಚಳ ಗಟ್ಟಿ, ಹುಳ ಬೀಳುವುದಿಲ್ಲ ಎಂದು ತಾಯಿ ಮೆಚ್ಚಿದ್ದಾರೆ. ಹಣ್ಣಿನ ಪಾಕ ಮಕ್ಕಳ ಶರಬತ್ತಾಗಿ ಮುಗಿಯಿತು. ಯೀಸ್ಟಿನ ಚೀಟಿ ಇನ್ನೂ ಬಿಚ್ಚಿಲ್ಲ. ಗಾಜಿನ ಕೊಳವೆಯನ್ನು ಗೆಳೆಯ ಗಾಣದ ಮನೆಗೆ ಒಯ್ದಿದ್ದಾನೆ. ಹೋದ ತಿಂಗಳು ನಾನು ಹೋದಾಗ ಒಂದು ಚರಿಗೆ ಹಸಿ ಕಬ್ಬಿನ ಹಾಲಿನಲ್ಲಿ ಅದನ್ನು ತೇಲಿಬಿಟ್ಟು, ಯಾವ ಹೊಲದ ಕಬ್ಬು ಎಷ್ಟು ಸಿಹಿ ಎಂದು ಅಲ್ಲಿದ್ದವರೆಲ್ಲ ಬಗ್ಗಿ ನೋಡುತ್ತಿದ್ದರು.